ಮರವೇರುವ ಕಾಯಕವೂ ಕೂಲಿಯ ಅಳತೆಯೂ

ಅಡಿಕೆಯ ಕೊಯ್ಲು ಬಂದಾಗ, ತೆಂಗಿನಕಾಯಿ ಕೆಡಹಿಸುವಾಗ, ಮನೆಯ ಮೇಲೆ ಬಾಗಿದ ಮಾವಿನ ಕೊಂಬೆಯನ್ನು ಕಡಿಸಬೇಕಾದಾಗ ಗೃಹಸ್ಥರ ಬಾಯಿಂದ ಒಂದು ಮಾತು ಹೊರಡುವುದುಂಟು: “ಅರ್ಧ ದಿನದ ಕೆಲಸಕ್ಕೆ ಇಷ್ಟು ಹಣವೇ?” ಈ ಮಾತಿನ ಬೆನ್ನಿಗೇ, ವಚನಗಳನ್ನು ಓದಿ ಬಲ್ಲವರಾದರೆ, ಮತ್ತೊಂದು ಮಾತೂ ಬರುವುದು. ಶರಣರು ದೊರೆತಷ್ಟಕ್ಕೆ ತೃಪ್ತರಾಗಿ ಕಾಯಕ ಮಾಡಿದರು. ಇಂದಿನ ಕೆಲಸಗಾರನಲ್ಲಿ ಆ ತೃಪ್ತಿ ಎಲ್ಲಿದೆ ಎಂದು. ಮೊದಲನೆಯದು ಲೆಕ್ಕದ ಮಾತು. ಅದಕ್ಕೆ ಲೆಕ್ಕದಿಂದಲೇ ಉತ್ತರ ಹೇಳಬಹುದು. ಎರಡನೆಯದು ಧರ್ಮದ ಹೆಸರಿನಲ್ಲಿ ಆಡಿದ ಮಾತಾದುದರಿಂದ ಅದನ್ನು ಪರಿಶೀಲಿಸದೆ ಬಿಡುವುದು ಉಚಿತವಲ್ಲ.

ಮೊದಲು ಲೆಕ್ಕವನ್ನೇ ನೋಡಬಹುದು. ಅಡಿಕೆಯ ಮರವು ತೋಳಿನ ತೆಕ್ಕೆಯೊಳಗೆ ಸುಲಭವಾಗಿ ಅಡಗುವಷ್ಟು ತೆಳ್ಳಗಿದ್ದು 50 ಅಡಿಯವರೆಗೂ ನೆಟ್ಟಗೆ ಬೆಳೆಯುವುದು. ಹಿಡಿಯುವುದಕ್ಕೆ ಕೊಂಬೆಯಿಲ್ಲ, ಕಾಲೂರುವುದಕ್ಕೆ ಕವಲಿಲ್ಲ. ಕೊನೆಗಾರನು ಕಾಲಿಗೆ ಹಗ್ಗದ ಕುಣಿಕೆ ಹಾಕಿಕೊಂಡು ಅದನ್ನೇರುವನು. ಒಂದು ಮರದ ಕೊನೆಯನ್ನು ಕೊಯ್ದ ಬಳಿಕ ಕೆಳಗಿಳಿಯದೆ, ಆ ಮರವನ್ನೇ ತೂಗಿ, ಪಕ್ಕದ ಮರದ ತಲೆಯನ್ನು ಹಿಡಿದು ದಾಟುವನು. ದೇಹಬಲವಷ್ಟೇ ಇಲ್ಲಿ ಸಾಲದು. ಯಾವ ಕೊನೆಯನ್ನು ಇಂದು ಕೊಯ್ಯಬೇಕು, ಯಾವುದನ್ನು ಮುಂದಿನ ಕೊಯ್ಲಿಗೆ ಬಿಡಬೇಕೆಂಬುದನ್ನು ಅಷ್ಟು ಎತ್ತರದಲ್ಲಿ ತೂಗಾಡುತ್ತ ಕಣ್ಣಳತೆಯಿಂದಲೇ ನಿರ್ಣಯಿಸಬೇಕು. ಹದವಾದ ಕಾಯಿ ಬೇಯಿಸಲು ಒದಗುವುದು. ಹದ ಮೀರಿ ಹಣ್ಣಾದುದು ಗೋಟಾಗುವುದು. ಪೇಟೆಯಲ್ಲಿ ತೋಟದ ಯಜಮಾನನಿಗೆ ಸಿಗುವ ಧಾರಣೆಯ ಒಂದು ಪಾಲು ಈ ಕಣ್ಣಳತೆಯಿಂದ ಹುಟ್ಟಿದುದು.

ಕೊಳೆರೋಗಕ್ಕೆ ಔಷಧ ಹೊಡೆಯುವುದೂ ಇವನ ಕೆಲಸವೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಈ ರೋಗದ ಕಾರಣವನ್ನು ಶೋಧಿಸಿ 1910ರಲ್ಲಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವು ಅಂದಿನಿಂದ ಮಲೆನಾಡಿನ ತೋಟಗಳನ್ನು ಕಾಪಾಡುತ್ತ ಬಂದಿದೆ. 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಈ ಪ್ರಮಾಣವನ್ನು ಬಲ್ಲವರು ಊರಿಗೆ ನೂರು ಮಂದಿ ದೊರೆಯುವರು. ಆ ದ್ರಾವಣವನ್ನು ಮಳೆಗಾಲಕ್ಕೆ ಮೊದಲೊಮ್ಮೆ, ಸುಮಾರು 40–45 ದಿನಗಳ ಮೇಲೆ ಮತ್ತೊಮ್ಮೆ, ಪ್ರತಿಯೊಂದು ಕೊನೆಗೂ ತಾಗುವಂತೆ ಮೇಲೇರಿ ಸಿಂಪಡಿಸಬಲ್ಲವರು ಊರಿಗೆ ಇಬ್ಬರು ಮೂವರು.

ಈ ಕೆಲಸವು ವರ್ಷವಿಡೀ ಇರತಕ್ಕದ್ದಲ್ಲ. ಕೊಯ್ಲಿನ ಕೆಲವು ತಿಂಗಳು, ಔಷಧದ ಕೆಲವು ವಾರ, ಅಷ್ಟೇ. ಮಂಡಿ ಮತ್ತು ಭುಜ ಗಟ್ಟಿಯಾಗಿರುವವರೆಗೆ ಮಾತ್ರ ಇದು ಸಾಧ್ಯ. ಐವತ್ತು ದಾಟಿದ ಗುಮಾಸ್ತನಿಗೆ ಸಂಬಳ ಏರುವುದು. ಐವತ್ತು ದಾಟಿದ ಕೊನೆಗಾರನು ಮರದಿಂದ ಇಳಿದು ಕೆಳಗೆ ಕೊನೆ ಹೊರುವವನಾಗುವನು. ಆದುದರಿಂದ “ಅರ್ಧ ದಿನದ ಕೂಲಿ” ಎನ್ನುವುದರೊಳಗೆ ಕೆಲಸವಿಲ್ಲದ ತಿಂಗಳುಗಳ ಅನ್ನವಿದೆ, ಮುಂಬರುವ ಮುಪ್ಪಿನ ಅನ್ನವೂ ಇದೆ. ಇಷ್ಟು ಎಣಿಸಿದ ಮೇಲೆ ಆ ಕೂಲಿ ಹೆಚ್ಚೆಂದು ತೋರುವುದು ಕಷ್ಟ.

ಇನ್ನು ಧರ್ಮದ ಮಾತು. ಕಾಯಕದಲ್ಲಿ ಅತಿಯಾಸೆ ಸಲ್ಲದೆಂಬುದನ್ನು ಸಾರಲು ಸಾಮಾನ್ಯವಾಗಿ ಮೂವರು ಶರಣರ ಕಥೆಗಳನ್ನು ಉದಾಹರಿಸುವರು. ಆಯ್ದಕ್ಕಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಬೇಕೆಂದು ಲಕ್ಕಮ್ಮನವರು ಹೇಳಿದರು. ನುಲಿಯ ಚಂದಯ್ಯನವರು ತಾವು ಹೊಸೆದ ಹಗ್ಗಕ್ಕೆ ಸಲ್ಲುವ ಬೆಲೆಗಿಂತ ಅಧಿಕವಾಗಿ ಬಂದ ಹೊನ್ನನ್ನು ಒಲ್ಲೆನೆಂದರು. ಕಟ್ಟಿಗೆ ಕಡಿದು ಮಾರಿ ಜೀವಿಸುತ್ತಿದ್ದ ಮೋಳಿಗೆಯ ಮಾರಯ್ಯನವರು, ತಮ್ಮ ಮನೆಯಲ್ಲಿ ಬಸವಣ್ಣನವರು ಗುಪ್ತವಾಗಿ ಇರಿಸಿ ಹೋದ ಹೊನ್ನನ್ನು ಮುಟ್ಟದೆ ಜಂಗಮರಿಗೆ ಸಲ್ಲಿಸಿಬಿಟ್ಟರು. ಮೂವರ ಹೆಸರಿನಲ್ಲೂ ಶೂನ್ಯಸಂಪಾದನೆಯಲ್ಲಿ ಪ್ರತ್ಯೇಕ ಸಂಪಾದನೆಗಳುಂಟು. ಮೂವರೂ ಸಂತೃಪ್ತಿಗೆ ಮೇರುಗಳೆಂಬುದು ನಿರ್ವಿವಾದ.

ಆದರೆ ಈ ಕಥೆಗಳಲ್ಲಿ ಕೊಡುವವರು ಏನು ಮಾಡಿದರೆಂಬುದನ್ನು ಯಾರೂ ಗಮನಿಸಿದಂತೆ ಕಾಣುವುದಿಲ್ಲ. ಮಾರಯ್ಯನವರ ಬಡತನವನ್ನು ತಿಳಿದು ಅಂಗಳದಲ್ಲಿ ಅಕ್ಕಿಯನ್ನು ಬೇಕೆಂದೇ ಹೆಚ್ಚಾಗಿ ಚೆಲ್ಲಿಸಿದವರು ಬಸವಣ್ಣನವರೆಂದು ಕಥೆ ಹೇಳುವುದು. ಹಗ್ಗಕ್ಕೆ ಹೊನ್ನು ಹೆಚ್ಚಾದುದು ಕೊಳ್ಳುವವರ ಕೈಯಿಂದ. ಮೋಳಿಗೆಯವರ ಮನೆಯಲ್ಲಿ ಹೊನ್ನು ಸೇರಿದುದೂ ಕೊಡುವವರ ಕೈಯಿಂದಲೇ. ಮೂರು ಕಡೆಯಲ್ಲಿಯೂ ಕೊಡುವ ಕೈ ಹೆಚ್ಚಿನ ಕಡೆಗೆ ವಾಲಿದೆ, ಕೊಳ್ಳುವ ಕೈ ಕಡಿಮೆಯ ಕಡೆಗೆ ವಾಲಿದೆ. “ಸಾಕು” ಎಂಬ ಮಾತನ್ನು ಆಡಿದವರು ದುಡಿದವರು. ಅಥವಾ ಅವರ ಮನೆಯೊಳಗಿನ ಲಕ್ಕಮ್ಮನವರಂಥವರು. ಕಣಜದ ಒಡೆಯರು ಅಂಗಳಕ್ಕೆ ಬಂದು, “ಮಾರಯ್ಯ, ಅಕ್ಕಿ ಹೆಚ್ಚಾಯಿತು, ಸಂತೃಪ್ತಿಯಿರಲಿ” ಎಂದು ಬೋಧಿಸಿದ ಕಥೆ ಎಲ್ಲಿಯೂ ಇಲ್ಲ. ತೋಟದ ಬೇಲಿಯ ಬಳಿ ನಿಂತು ಚೌಕಾಶಿ ಮಾಡುತ್ತ ಶರಣರ ಹೆಸರೆತ್ತುವ ಗೃಹಸ್ಥನು ಲಕ್ಕಮ್ಮನವರ ಮಾತನ್ನು ಕದ್ದು ತನ್ನ ಬಾಯಲ್ಲಿ ಇಟ್ಟುಕೊಂಡಿರುವನು. ಆ ಮಾತು ಅವನ ಬಾಯಿಯದಲ್ಲ. ಅದೇ ಮಾತು ಬಾಯಿ ಬದಲಾದ ಮಾತ್ರಕ್ಕೆ ವೈರಾಗ್ಯವಾಗಿದ್ದುದು ಲೋಭವಾಗುವುದು.

ಕೊಡುವ ಗೃಹಸ್ಥನಿಗೆ ಹಾಗಾದರೆ ಅಳತೆಯೇ ಇಲ್ಲವೇ? ಇದೆ. ಕಾಯದಿಂದ ಕಾಯಕ, ತೊಡಗಿದ ಕಾಯವು ಎಷ್ಟು ಸವೆಯಿತು, ಎಷ್ಟು ಅಪಾಯಕ್ಕೆ ಒಡ್ಡಿಕೊಂಡಿತು ಎಂಬುದೇ ಅಳತೆ. ಗಡಿಯಾರವು ಈ ಅಳತೆಗೆ ಒದಗದು.

ಕೂಲಿಯಷ್ಟೇ ತೂಕದ ವಿಷಯ ಮರ್ಯಾದೆ. ನುಲಿಯ, ಮೋಳಿಗೆಯ, ಅಂಬಿಗರ, ಮಡಿವಾಳ, ತುರುಗಾಹಿ ಎಂದು ಶರಣರು ತಮ್ಮ ಕಾಯಕವನ್ನೇ ಹೆಸರಿನ ಮುಂದಿಟ್ಟುಕೊಂಡರು. ಇಂದು ಕೊನೆಗಾರನನ್ನು ಪೇಟೆಯ ಜನ “ಕೂಲಿಯವನು” ಎಂಬ ಒಂದೇ ಶಬ್ದದಲ್ಲಿ ಮುಗಿಸುವರು. ಅವನ ಮಗನು ಮರದ ಬುಡಕ್ಕೂ ಬಾರದೆ ಬಸ್ಸು ಹತ್ತುವನು. ಆಮೇಲೆ ಆಳು ಸಿಗುವುದಿಲ್ಲವೆಂದು ತೋಟದವರು ಪರಿತಪಿಸುವರು. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಯುವಕ ಯುವತಿಯರಿಗೆ ಯಂತ್ರದ ನೆರವಿನಿಂದ ತೆಂಗಿನ ಮರವೇರುವ ಶಿಕ್ಷಣವನ್ನು ಆರಂಭಿಸಿ, ಅವರಿಗೆ ವಿಮೆಯನ್ನೂ, “ತೆಂಗಿನ ಮರದ ಸ್ನೇಹಿತರು” ಎಂಬರ್ಥದ ಹೆಸರನ್ನೂ ಕೊಟ್ಟಿತು. ಹೆಸರಿನಿಂದ ಹೊಟ್ಟೆ ತುಂಬದು, ನಿಜ. ಆದರೆ ಸ್ನೇಹಿತನೆಂದು ಕರೆದವನನ್ನು ಏಕವಚನದಲ್ಲಿ ಗದರಿಸಲು ನಾಲಿಗೆ ತುಸು ತಡೆಯುವುದು.

ಇನ್ನು ಕೆಲಸ ಮಾಡಿಸುವವರ ಅಪೇಕ್ಷೆಗಳು. ಕಾಫಿಯ ಸೀಮೆಯಲ್ಲಿ ನೆರಳಿನ ಮರಗಳ ಕೊಂಬೆ ಸವರುವುದಕ್ಕೆ ಮರಗಸಿ ಎನ್ನುವರು. ಕೊಂಬೆಯ ಪಕ್ಕದಲ್ಲೇ ವಿದ್ಯುತ್ತಿನ ತಂತಿ ಹಾದಿರುವುದುಂಟು. ಅಲ್ಯುಮಿನಿಯಂ ಏಣಿಯು ತಂತಿಗೆ ತಾಗಿ ಪ್ರಾಣ ಹೋದ ಸುದ್ದಿ ಮತ್ತೆ ಮತ್ತೆ ಪತ್ರಿಕೆಗಳಲ್ಲಿ ಬರುವುದು. ತಂತಿಯ ಪ್ರವಾಹವನ್ನು ನಿಲ್ಲಿಸಿದ ಮೇಲೆ ಏರುವೆನೆಂದು ಕೆಲಸಗಾರನು ಹೇಳಿದರೆ ಅದು ಸೋಮಾರಿತನವಲ್ಲ. ಕಚೇರಿಗೆ ಹೋಗಿ ಪ್ರವಾಹವನ್ನು ನಿಲ್ಲಿಸಿಕೊಡುವ ಭಾರ ಮರದ ಒಡೆಯನದು.

ಪಟ್ಟಣದ ಮನೆಗಳಲ್ಲಿ ಬೇರೊಂದು ಬಗೆಯ ಹಟವಿದೆ. ಎಲೆ ಉದುರುವುದೆಂದು ಬೇವಿನ ತಲೆಯನ್ನೇ ಕತ್ತರಿಸಬೇಕು, ಹತ್ತು ವರ್ಷ ಮತ್ತೆ ಆ ಖರ್ಚು ಬರಬಾರದು. ಬಲ್ಲವನು ಬೇಡವೆನ್ನುವನು. ತಲೆ ಕಡಿದ ಮರವು ಗಾಯದ ಸುತ್ತ ಗೊಂಚಲಾಗಿ ಚಿಗುರುವುದು. ಆ ಚಿಗುರುಗಳು ಕೊಂಬೆಗಳಾದರೂ ಕಾಂಡದಲ್ಲಿ ಆಳವಾಗಿ ಬೇರೂರಿರುವುದಿಲ್ಲ. ಕಡಿದ ಜಾಗ ಕೊಳೆಯುತ್ತ ಹೋಗಿ, ಗಾಳಿಗೆ ಮುರಿದು ಅದೇ ಮನೆಯ ಮೇಲೆ ಬೀಳುವುವು. ಮರದ ಗಾಯವು ಮನುಷ್ಯನ ಗಾಯದಂತೆ ಮಾಯುವುದಿಲ್ಲ. ಮರವು ಕೊಳೆತ ಭಾಗದ ಸುತ್ತ ಗೋಡೆ ಕಟ್ಟಿ ಅದನ್ನು ಒಳಗೇ ಮುಚ್ಚಿಬಿಡುವುದೆಂದು ಅಮೆರಿಕದ ಅಲೆಕ್ಸ್ ಶೈಗೋ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿದನು. ಆದುದರಿಂದ ಕೊಂಬೆಯ ಬುಡದಲ್ಲಿ ಉಬ್ಬಿರುವ ಕೊರಳನ್ನು ಉಳಿಸಿ, ಅದರ ಹೊರಗೆ ಕಡಿಯಬೇಕು. ಭಾರದ ಕೊಂಬೆಯಾದರೆ ತೊಗಟೆ ಹರಿಯದಂತೆ ಮೊದಲು ಕೆಳಗಿನಿಂದ ಗಾಯ ಮಾಡಿಕೊಳ್ಳಬೇಕು. ಓದುಬರಹ ಅರಿಯದ ಎಷ್ಟೋ ಮಂದಿ ಕೈಯ ಅಭ್ಯಾಸದಿಂದ ಇದನ್ನು ಬಲ್ಲರು. ಅವರ ಮಾತನ್ನು ಮೀರಿ, “ಹಣ ಕೊಡುವವನು ನಾನು, ಹೇಳಿದಂತೆ ಕಡಿ” ಎನ್ನುವವನು ವೈದ್ಯನ ಬಳಿಗೆ ಹೋಗಿ ತನಗೆ ಬೇಕಾದ ಔಷಧವನ್ನು ತಾನೇ ಹೇಳಿ ಬರೆಸಿಕೊಳ್ಳುವವನಂತೆ. ಇಡೀ ಮರವನ್ನೇ ಉರುಳಿಸುವುದಾದರೆ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಂತೆ ವೃಕ್ಷಾಧಿಕಾರಿಯ ಅನುಮತಿ ಬೇಕಾಗುವುದುಂಟು. ಅನುಮತಿ ಪಡೆಯದೆ ರಾತ್ರೋರಾತ್ರಿ ಕಡಿಸಿ, ಕೇಳಿದವರಿಗೆ ಕಡಿದವನ ಕಡೆಗೆ ಬೆರಳು ತೋರಿಸುವುದು ಭಕ್ತನೆನಿಸಿಕೊಂಡವನಿಗೆ ಹೇಸಿಗೆಯ ಕೆಲಸ.

ಕೆಲಸಗಾರನಿಗೂ ಬಾಧ್ಯತೆಯುಂಟು. ಒಬ್ಬರಿಂದ ಮುಂಗಡ ಪಡೆದು ಮತ್ತೊಬ್ಬರ ತೋಟಕ್ಕೆ ಹೋಗುವುದು, ಕೊಳೆ ಹರಡುತ್ತಿರುವಾಗ ಯಜಮಾನನ ಗಾಬರಿಯನ್ನು ನೋಡಿ ಮಾತಾಡಿದ ಕೂಲಿಯನ್ನು ಇಮ್ಮಡಿ ಮಾಡುವುದು, ಇವು ಕಾಯಕವಲ್ಲ. ಇವನ್ನು ಅವನಿಗೆ ಹೇಳಬೇಕಾದವರು ಅವನ ಜೊತೆಗಾರರು, ಅವನ ಮನೆಯವರು. ಅವನ ಮನೆಯಲ್ಲೂ ಒಬ್ಬ ಲಕ್ಕಮ್ಮ ಇರಬಾರದೆಂದಿಲ್ಲ.

ಒಂದು ಸಂದರ್ಭವನ್ನು ಮಾತ್ರ ಈ ಮೂರು ಕಥೆಗಳಿಂದ ನೇರವಾಗಿ ತೀರ್ಮಾನಿಸಲಾಗದು. ಕೊನೆಗಾರನು ಹೇಳಿದ ದಿನ ಬೆಳಗ್ಗೆ ಬರುವನು. ರಾತ್ರಿ ಮಳೆಯಾಗಿ ಮರ ಪಾಚಿಗಟ್ಟಿ ಜಾರುತ್ತಿರುವುದು. ಅವನು ಮರದ ಮೈಯನ್ನು ಅಂಗೈಯಿಂದ ಒರೆಸಿ ನೋಡಿ, ಇಂದು ಆಗದೆನ್ನುವನು. ಅವನು ಏರಲಿಲ್ಲ, ಆದರೆ ಬಂದಿದ್ದಾನೆ, ಬೇರೆಯವರ ಕೆಲಸವನ್ನು ಬಿಟ್ಟು ಬಂದಿದ್ದಾನೆ. ಮಳೆ ಯಾರ ತಪ್ಪೂ ಅಲ್ಲ. ಆ ದಿನದ ಕೂಲಿಯನ್ನು ಅರ್ಧವಾದರೂ ಕೊಟ್ಟು, ಉಣ್ಣಿಸಿ ಕಳಿಸುವುದು ನ್ಯಾಯವೆಂದು ತೋರುವುದು; ಏಕೆಂದರೆ ಮಳೆ ನಿಂತ ಮೇಲೆ ಕೊನೆ ಇಳಿಯುವುದು ಯಜಮಾನನ ಅಂಗಳಕ್ಕೆ. ಊಟವನ್ನು ಮಾತ್ರ ಕೂಲಿಯ ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ. ಅದು ದಾಸೋಹದ ಲೆಕ್ಕ, ಬೇರೆಯ ಪುಸ್ತಕದ್ದು.