ಸುಟ್ಟ ಪಿಸ್ಟನ್ನಿನ ಸಾಕ್ಷಿ

ಯಂತ್ರ ಕೆಟ್ಟು ನಿಂತಾಗ ನಮ್ಮ ಕಡೆ ಮೊದಲು ಏಳುವ ಪ್ರಶ್ನೆ ‘ಯಾರ ಕೈಯಾಗಿತ್ತು?’ ಎಂಬುದು. ‘ಯಾಕ ಕೆಟ್ತು?’ ಎಂಬ ಪ್ರಶ್ನೆ ಆಮೇಲೆ ಬರಬಹುದು, ಬರದೆಯೂ ಇರಬಹುದು. ಕೈ ಯಾರದೆಂದು ಗೊತ್ತಾದರೆ ವಿಚಾರಣೆ ಮುಗಿಯಿತು. ಅದು ಕೇರಿಯ ಕೈಯಾಗಿದ್ದರಂತೂ ತೀರ್ಪು ಮೊದಲೇ ಬರೆದಿಟ್ಟಂತೆ. ತಪ್ಪು ಹೊರಿಸುವ ಈ ಹಕ್ಕು ಎಲ್ಲಿಂದ ಬಂತು? ಒಬ್ಬನನ್ನು ತಪ್ಪುಗಾರ ಅಂತ ಕರೀಬೇಕಾದರೆ ಕರೆಯುವವನಿಗೆ ಏನೇನು ಗೊತ್ತಿರಬೇಕು? ನೀತಿಶಾಸ್ತ್ರದ ಈ ಹಳೆಯ ಪ್ರಶ್ನೆಯನ್ನು ಮರ ಕೊಯ್ಯುವ ಒಂದು ಮಷೀನಿನ ಹೊಟ್ಟೆಯೊಳಗಿಂದ ಎತ್ತಿಕೊಳ್ಳುತ್ತೇನೆ. ಗ್ರೀಸು ಹತ್ತಿದ ಕೈಯಿಂದ ತತ್ವ ಮುಟ್ಟಬಾರದು ಅನ್ನೋರು ಪುಟ ತಿರುವಬಹುದು.

ಬಸವನ ಬಾಗೇವಾಡಿ ಸೀಮೆಯ ಗೊಳಸಂಗಿ ನಮ್ಮೂರು. ಒಂದು ದಿಕ್ಕಿಗೆ ಆಲಮಟ್ಟಿಯ ಹಿನ್ನೀರು, ಇನ್ನೊಂದು ದಿಕ್ಕಿಗೆ ಕೂಡಗಿಯ 2400 ಮೆಗಾವ್ಯಾಟ್ ಉಷ್ಣಸ್ಥಾವರದ ಚಿಮಣಿಗಳು. ನಡುವೆ ಹಳ್ಳದ ದಂಡೆ, ಕಾಲುವೆಯ ಏರಿ, ಬೀಳುಬಿದ್ದ ಹೊಲ, ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ಹಿಂದೆ ಅದನ್ನು ಕೊಡಲಿಯಿಂದ ಕಡಿಯುತ್ತಿದ್ದರು. ಈಗ ಚೈನ್‌ಸಾ ಬಂದಿದೆ. ಮಷೀನು ಗುತ್ತಿಗೆದಾರನದು, ರಟ್ಟೆ ನಮ್ಮವರದು. ಕಟ್ಟಿಗೆ ಅವನ ಲಾರಿಗೆ ಹೋಗ್ತದ, ಮುಳ್ಳು ಇವರ ಕಾಲಾಗ ಉಳೀತದ.

ಹೋದ ಬೇಸಿಗೆಯಲ್ಲಿ ಇಂಥದೊಂದು ಮಷೀನು ಕೊಯ್ಯುತ್ತ ಕೊಯ್ಯುತ್ತ ಗಕ್ಕನೆ ನಿಂತಿತು. ಹಗ್ಗ ಎಳೆದರೆ ಜಗ್ಗಲಿಲ್ಲ. ಹಿಡಿದಿದ್ದವನು ನಮ್ಮ ಕೇರಿಯ ಹುಡುಗ, ನನಗೆ ಸೋದರಮಾವನ ಮಗ. ಗುತ್ತಿಗೆದಾರ ಬಂದವನೇ, “ಪೆಟ್ರೋಲಿಗೆ ಎಣ್ಣಿ ಕೂಡಿಸಿಲ್ಲಲೇ ನೀ, ಸುಟ್ಟಬಿಟ್ಟಿ” ಅಂದ. 11 ದಿನದ ಹಾಜರಿ ಹಿಡಿದ. ಹುಡುಗ ಮೊದಲ ದಿನ “ಹಾಕೀನ್ರಿ ಸಾವ್ಕಾರ್ರ” ಅಂದ. ಮೂರನೆಯ ದಿನ ಮನೆಯ ಕಟ್ಟೆಯ ಮೇಲೆ ಕೂತು “ಮರತಿದ್ನೇನೋ” ಅಂದ. ವಾರ ಕಳೆಯುವುದರೊಳಗೆ “ನಂದ ತಪ್ಪು” ಅಂತ ತಾನೇ ಊರಿಗೆಲ್ಲ ಹೇಳತೊಡಗಿದ. ಹಾಜರಿ ಹೋದದ್ದಕ್ಕಿಂತ ಇದು ನನಗೆ ದೊಡ್ಡ ನಷ್ಟವಾಗಿ ಕಾಣಿಸಿತು. ಒಬ್ಬ ಮನುಷ್ಯ ತನ್ನ ನೆನಪನ್ನೇ ಬೇರೆಯವನ ಬಾಯಿಗೆ ಒಪ್ಪಿಸಿ ಕೂತದ್ದು.

ಈ ಇಂಜಿನ್ನಿನ ಗುಟ್ಟು ತಿಳಿಯದಿದ್ದರೆ ಮುಂದಿನ ಮಾತು ಹತ್ತುವುದಿಲ್ಲ. ಇದು ಎರಡು ಹೊಡೆತದ ಇಂಜಿನ್, ಟೂ ಸ್ಟ್ರೋಕ್. ಹಳೆಯ ಲೂನಾ, ಟಿವಿಎಸ್ 50, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವ ತನಕ ಹೊರಡಿಸಿದ ಯೆಜ್ಡಿ ಗಾಡಿಗಳು, ಎಲ್ಲ ಇದೇ ಜಾತಿ. (ಜಾತಿ ಎಂಬ ಮಾತು ಇಲ್ಲಿಯೂ ನುಸುಳಿತು ನೋಡ್ರಿ.) ನಾಲ್ಕು ಹೊಡೆತದ ಇಂಜಿನ್ನಿಗೆ ಎಣ್ಣೆ ಬೇರೆ ಇರುತ್ತದೆ, ತಳದಲ್ಲಿ ನಿಂತು ತಿರುಗುತ್ತದೆ. ಇದಕ್ಕೆ ಹಾಗಿಲ್ಲ. ಪೆಟ್ರೋಲಿನಲ್ಲೇ ಎಣ್ಣೆ ಕೂಡಿಸಬೇಕು. ಪಿಸ್ಟನ್ ಮೇಲೇರುವಾಗ ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆ ಪೆಟ್ರೋಲು, ಎಣ್ಣೆ, ಗಾಳಿಯನ್ನು ಒಟ್ಟಿಗೆ ಉಸಿರೆಳೆದುಕೊಳ್ಳುತ್ತದೆ. ಇಳಿಯುವಾಗ ಅದನ್ನೇ ಮೇಲಕ್ಕೆ ನೂಕುತ್ತದೆ. ಬೇರಿಂಗು, ಪಿಸ್ಟನ್ನು, ಗೋಡೆ ಎಲ್ಲವೂ ಆ ದಾರಿಯಲ್ಲಿ ಹೋಗುವ ಎಣ್ಣೆಯಿಂದಲೇ ಬದುಕಬೇಕು. ಹೀಗಾಗಿ ಆ ಪೆಟ್ಟಿಗೆಗೆ ಎಲ್ಲೂ ಸಂದು ಇರಕೂಡದು. ಸಂದಿನಿಂದ ಕಳ್ಳಗಾಳಿ ನುಗ್ಗಿದರೆ ಪೆಟ್ರೋಲು ತೆಳುವಾಗುತ್ತದೆ, ಅದರ ಜೊತೆ ಎಣ್ಣೆಯೂ ತೆಳುವಾಗುತ್ತದೆ. ನಿಮಿಷಕ್ಕೆ 10,000 ಸುತ್ತು ದಾಟಿ ತಿರುಗುವ ಇಂಜಿನ್ ಆ ಕಾವನ್ನು ತಡೆದುಕೊಳ್ಳುವುದಿಲ್ಲ. ಪಿಸ್ಟನ್ನು ಉಬ್ಬಿ ಗೋಡೆಗೆ ಕಚ್ಚುತ್ತದೆ.

ಅಂದರೆ ಎಣ್ಣೆ ಕೂಡಿಸದಿದ್ದರೂ ಇಂಜಿನ್ ಹಿಡಿಯುತ್ತದೆ, ಕೂಡಿಸಿದ್ದರೂ ಹಿಡಿಯಬಹುದು. ಹೊರಗೆ ನಿಂತು ನೋಡುವವನಿಗೆ ಎರಡೂ ಒಂದೇ.

ಮಷೀನನ್ನು ಮಿಸ್ತ್ರಿ ಚಾಚಾನ ಹತ್ತಿರ ಒಯ್ದರು. ಜೊತೆಗೆ ಬಂದ ಇಂಗ್ಲಿಷ್ ಪುಸ್ತಕ ಓದಿ ಹೇಳಲಿ ಅಂತ ನನ್ನನ್ನು ಕರೆದರು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೊಬ್ಬನೇ. ಚಾಚಾನಿಗೆ ಪುಸ್ತಕ ಬೇಕಾಗಿರಲಿಲ್ಲ. ಮೊದಲು ಟಾಕಿಯಲ್ಲಿ ಉಳಿದ ಪೆಟ್ರೋಲಿನ ಒಂದು ಹನಿಯನ್ನು ನನ್ನ ನೋಟುಬುಕ್ಕಿನ ಹಾಳೆಯ ಮೇಲೆ ಬಿಟ್ಟ. ಪೆಟ್ರೋಲು ಹಾರಿಹೋಯಿತು. ಎಣ್ಣೆಯ ಕಲೆ ಉಳಿಯಿತು. “ಒಂದು ಸಾಕ್ಷಿ ಆತು. ಒಂದರ ಮ್ಯಾಲೆ ತೀರ್ಪ ಕೊಡಬ್ಯಾಡ” ಅಂದ.

ಆಮೇಲೆ ಬಿಚ್ಚಿದ. ಪ್ಲಗ್ ತೆಗೆದು ಆ ತೂತಿನಿಂದ ಹಗ್ಗದ ತುಂಡು ತುರುಕಿ ಪಿಸ್ಟನ್ ತಡೆದು ಕ್ಲಚ್ ಸಡಿಲಿಸಿದ. ಅದರ ಮರೆ ಉಲ್ಟಾ. ಗೊತ್ತಿಲ್ಲದವರು ಬಿಗಿ ಮಾಡಿ ಮುರಿಯುತ್ತಾರೆ. ಸೈಲೆನ್ಸರ್ ತೆಗೆದು, ಸಿಲಿಂಡರನ್ನು ನಿಧಾನವಾಗಿ ಮೇಲೆತ್ತಿದ. ಪಿಸ್ಟನ್ನನ್ನು ಅಂಗೈಯ ಮೇಲಿಟ್ಟು ತಿರುಗಿಸುತ್ತ ತೋರಿಸಿದ. ಎಣ್ಣೆಯೇ ಇಲ್ಲದೆ ಓಡಿದ್ದರೆ ಸುತ್ತಲೂ ಗೀರು ಬೀಳಬೇಕಿತ್ತು, ಕೆಳಗಿನ ಬೇರಿಂಗು ಒಣಗಿ ನೀಲಿಗಟ್ಟಬೇಕಿತ್ತು. ಇಲ್ಲಿ ಗೀರು ಹೆಚ್ಚಾಗಿ ಹೊಗೆ ಹೋಗುವ ಬದಿಗೆ. ಗಾಳಿ ಬರುವ ಬದಿ ಹೆಚ್ಚುಕಡಿಮೆ ನೆಟ್ಟಗಿದೆ, ಅಂದಮೇಲೆ ಫಿಲ್ಟರಿನಿಂದ ದೂಳು ಹೋಗಿದ್ದೂ ಅಲ್ಲ. ಕ್ರ್ಯಾಂಕ್ ಬೇರಿಂಗಿನ ಮೇಲೆ ಬೆರಳಿಟ್ಟರೆ ಎಣ್ಣೆಯ ಜಿಡ್ಡು ಹತ್ತಿತು. ಹುಡುಗನ ಕೈ ಹಿಡಿದು ಅವನ ಬೆರಳನ್ನೇ ಅಲ್ಲಿ ಇಡಿಸಿದ.

ಸಿಲಿಂಡರಿನ ಗೋಡೆಗೆ ಪಿಸ್ಟನ್ನಿನ ಅಲ್ಯುಮಿನಿಯಂ ಮೆತ್ತಿಕೊಂಡಿತ್ತು. ಅದನ್ನು ಕರಗಿಸಿದ್ದು ಸಂಡಾಸ ತೊಳೆಯುವ ಆ್ಯಸಿಡ್ಡಿನಿಂದ, ಹತ್ತಿ ಸುತ್ತಿದ ಕಡ್ಡಿಯಿಂದ ಮೆಲ್ಲಗೆ ಒರೆಸುತ್ತ. ನಿಕಲ್ ಲೇಪ ಗಟ್ಟಿಯಿದ್ದಷ್ಟು ಹೊತ್ತು ಅದು ಅಂಟಿದ್ದನ್ನಷ್ಟೇ ತಿನ್ನುತ್ತದೆ; ಲೇಪ ಎಲ್ಲಾದರೂ ಹರಿದಿದ್ದರೆ ಗೋಡೆಯನ್ನೂ ತಿನ್ನುತ್ತದೆ. ಆ ಬಾಟಲಿಯ ವಾಸನೆ ನಮ್ಮ ಕೇರಿಗೆ ಹೊಸದಲ್ಲ. ನಮ್ಮ ಹಿರಿಯರ ಬೆರಳುಗಳಿಗೆ ಗೊತ್ತಿದ್ದ ಆ್ಯಸಿಡ್ಡು ಇಲ್ಲಿ ವಿದ್ಯೆ ಅನ್ನಿಸಿಕೊಂಡಿದ್ದನ್ನು ನೋಡುತ್ತ ನಿಂತೆ.

ಹೊಸ ಪಿಸ್ಟನ್ ಹಾಕಿದರೆ ಕೆಲಸ ಮುಗಿಯಿತು ಅಂತ ಗುತ್ತಿಗೆದಾರ ತಿಳಿದಿದ್ದ. ಚಾಚಾ ಒಪ್ಪಲಿಲ್ಲ. ಕಾರಣ ಹುಡುಕದೆ ಹಾಕಿದ ಪಿಸ್ಟನ್ನು ಇನ್ನೊಂದು ವಾರಕ್ಕೆ ಸುಡುತ್ತದೆ, ಆಗ ಇನ್ನೊಬ್ಬನ ಹಾಜರಿ ಹೋಗುತ್ತದೆ. ಗಾಳಿ ಬರುವ ಬಾಯಿ, ಹೊಗೆ ಹೋಗುವ ಬಾಯಿ ಎರಡನ್ನೂ ಹಳೆ ಟ್ಯೂಬಿನ ತುಂಡಿನಿಂದ ಮುಚ್ಚಿ, ಸೈಕಲ್ ಪಂಪಿನಿಂದ ಗಾಳಿ ತುಂಬಿ, ಸಾಬೂನು ನೀರು ಬಳಿದ. ಗುಳ್ಳೆ ಏಳಲಿಲ್ಲ. ಗುತ್ತಿಗೆದಾರನ ಮುಖ ಅರಳಿತು. ಚಾಚಾ ಪಂಪಿನ ಚರ್ಮದ ವಾಷರನ್ನು ತಿರುವಿ ಹಾಕಿದ. ಈಗ ಪಂಪು ಊದುವ ಬದಲು ಹೀರತೊಡಗಿತು. ಕ್ರ್ಯಾಂಕಿನ ಮ್ಯಾಗ್ನೆಟ್ ಬದಿಯ ರಬ್ಬರ್ ಸೀಲಿನ ಮೇಲೆ ಬಿಟ್ಟ ಎಣ್ಣೆಯ ಹನಿ ಸುರ್ರನೆ ಒಳಗೆ ಹೋಯಿತು. ಊದಿದಾಗ ತಡೆದು ನಿಂತ ಸೀಲು ಎಳೆದಾಗ ಬಾಯಿ ಬಿಟ್ಟಿತ್ತು. ಮಷೀನನ್ನು ಗುತ್ತಿಗೆದಾರ ತಂದದ್ದೇ ಸೆಕೆಂಡ್ ಹ್ಯಾಂಡಿನಲ್ಲಿ. ಸೀಲು ಗಟ್ಟಿಯಾಗಿ ಸೀಳಿದ್ದು ಯಾವಾಗಲೋ!

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಬಿಚ್ಚದೆ ಕೊಟ್ಟ ತೀರ್ಪು ನಮ್ಮ ದೇಶಕ್ಕೆ ಒಗ್ಗಿಹೋಗಿರುವುದು ಯಾಕೆ? ಅದಕ್ಕೊಂದು ಇಡೀ ತತ್ವಶಾಸ್ತ್ರವೇ ಬೆನ್ನಿಗಿದೆ. ಅದರ ಹೆಸರು ಕರ್ಮ. ಹೊಲೆಯನಾಗಿ ಹುಟ್ಟಿದವನಿಗೆ, ನೀನು ಹೋದ ಜನ್ಮದಲ್ಲಿ ಮಾಡಿದ ಪಾಪ ಇದು ಅಂದರು. ಯಾವ ಪಾಪ? ಯಾರು ನೋಡಿದರು? ಎಲ್ಲಿ ಗೀರು ಬಿದ್ದಿದೆ ತೋರಿಸಿರಿ? ಕೇಳುವಂತಿಲ್ಲ. ಸಾಕ್ಷಿಯನ್ನು ಯಾರೂ ತಲುಪಲಾಗದ ಜಾಗದಲ್ಲಿಟ್ಟು ಶಿಕ್ಷೆಯನ್ನು ಮಾತ್ರ ಈ ಜನ್ಮಕ್ಕೆ ತಂದರು. ಇಷ್ಟಕ್ಕೇ ನಿಂತಿದ್ದರೆ ಅದನ್ನು ಸುಳ್ಳು ಅಂತ ತಳ್ಳಬಹುದಿತ್ತು. ಅದು ಆರೋಪಿಯ ಬಾಯಿಂದಲೇ ‘ನಂದ ತಪ್ಪು’ ಅನ್ನಿಸಿತು. ನಮ್ಮ ಹುಡುಗ ಏಳು ದಿನದಲ್ಲಿ ನಡೆದ ದಾರಿಯನ್ನು ನಮ್ಮ ಜನ ಎರಡು ಸಾವಿರ ವರ್ಷ ನಡೆದಿದ್ದಾರೆ. ‘ಹಣೆಬರಹ’ ಎಂಬ ಮಾತು ನಮ್ಮ ಅವ್ವಂದಿರ ಬಾಯಲ್ಲಿ ಎಷ್ಟು ಸಲೀಸು!

ತಪ್ಪು ಕೆಳಕ್ಕೆ ಇಳಿದಷ್ಟೇ ಸಲೀಸಾಗಿ ಹೆಸರು ಮೇಲಕ್ಕೆ ಏರುತ್ತದೆ. ಈ ಇಂಜಿನ್ನನ್ನೇ ನೋಡ್ರಿ. ಕ್ರ್ಯಾಂಕ್ ಪೆಟ್ಟಿಗೆಯಿಂದ ಉಸಿರೆಳೆಯುವ ಏರ್ಪಾಡನ್ನು ಇಂಗ್ಲೆಂಡಿನ ಬಾತ್ ಊರಿನ ಜೋಸೆಫ್ ಡೇ 1891ರ ಹೊತ್ತಿಗೆ ತಂದ. ಒಳಬರುವ ಬಾಯನ್ನು ಪಿಸ್ಟನ್ನಿನ ಸೆರಗೇ ತೆರೆದು ಮುಚ್ಚುವಂತೆ ಮಾಡಿ, ಬೇರೆ ಕವಾಟಗಳೇ ಬೇಡವಾಗುವಂತೆ 1892ರಲ್ಲಿ ತಿದ್ದಿದವನು ಅವನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಫ್ರೆಡರಿಕ್ ಕಾಕ್. ನಮ್ಮ ಹುಡುಗ ಹಿಡಿದಿದ್ದ ಮಷೀನಿನಲ್ಲೂ ಕಾಕ್‌ನ ಉಪಾಯವೇ ಇದೆ. ಇಂಜಿನ್ನಿಗೆ ನಿಂತ ಹೆಸರು ಡೇ.

ಇನ್ನು ಭೋಪಾಲ. 1984ರ ಡಿಸೆಂಬರ್ 2ರ ರಾತ್ರಿ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಟಾಕಿಯನ್ನು ತಂಪಿಡುವ ಯಂತ್ರ ತಿಂಗಳುಗಟ್ಟಲೆ ಬಂದಾಗಿತ್ತು, ಸೋರಿದ ಅನಿಲವನ್ನು ಸುಡಬೇಕಾದ ಗೋಪುರ ಕೆಲಸ ಮಾಡುತ್ತಿರಲಿಲ್ಲ. ಆದರೂ ಯೂನಿಯನ್ ಕಾರ್ಬೈಡ್ ಕಂಪನಿ ಹೇಳಿದ್ದೇನು? ಸಿಟ್ಟಿಗೆದ್ದ ಒಬ್ಬ ಕೆಲಸಗಾರ ಬೇಕಂತಲೇ ನೀರು ಬಿಟ್ಟ ಅಂತ. ಜಾಲಿ ಕಡಿಯುವ ಗುತ್ತಿಗೆದಾರನಿಗೂ ಅಮೆರಿಕದ ಕಂಪನಿಗೂ ಬಾಯಿಗೆ ಬರುವ ಮೊದಲ ಮಾತು ಒಂದೇ.

ಇಲ್ಲಿ ಒಬ್ಬ ಮಾಸ್ತರ ಗೆಳೆಯರು ಅಡ್ಡ ಪ್ರಶ್ನೆ ಹಾಕಿದರು. “ಹುಡುಗ ಖರೇನ ಎಣ್ಣಿ ಮರತಿದ್ರ? ಆಗ ನಿನ್ನ ನ್ಯಾಯ ಏನು?” ಒಳ್ಳೆಯ ಪ್ರಶ್ನೆ. ದುಡಿಯುವವನು ತಪ್ಪೇ ಮಾಡೋದಿಲ್ಲ ಅಂದರೆ ಅದು ಅವನನ್ನು ಮನುಷ್ಯರ ಸಾಲಿನಿಂದ ಹೊರಗಿಟ್ಟಂತೆಯೇ. ಮರೆತಿದ್ದರೆ ಮರೆತಿದ್ದಾನೆ, ಹೊಣೆ ಹೊರಲಿ. ಆದರೆ ಎಷ್ಟು ಹೊಣೆ? ಪುಸ್ತಕದಲ್ಲಿ 1 ಲೀಟರ್ ಪೆಟ್ರೋಲಿಗೆ 40 ಎಂ.ಎಲ್. ಎಣ್ಣೆ ಎಂದಿದೆ, ಇಂಗ್ಲಿಷಿನಲ್ಲಿ. ಆ ಪುಸ್ತಕ ಗುತ್ತಿಗೆದಾರನ ಮನೆಯ ಅಲಮಾರಿಯಲ್ಲಿತ್ತು. ಹುಡುಗನಿಗೆ ಹೇಳಿದ್ದು ‘ಬಾಟ್ಲಿಗೆ ಎರಡು ಮುಚ್ಚಳ’. ಯಾವ ಮುಚ್ಚಳ? ತಿಳಿವಳಿಕೆಯನ್ನು ಅಲಮಾರಿಯಲ್ಲಿ ಬೀಗ ಹಾಕಿಟ್ಟವನು ತಿಳಿಗೇಡಿತನಕ್ಕೆ ದಂಡ ಹಾಕುವುದು ಯಾವ ನೀತಿ?

ಕಾನೂನೂ ಇಷ್ಟು ಕುರುಡಲ್ಲ. ಸಾಮಾನು ಕೆಟ್ಟದ್ದಕ್ಕೆ ಕೂಲಿ ಹಿಡಿಯಬೇಕಾದರೆ ನಷ್ಟ ನೇರವಾಗಿ ಕೆಲಸಗಾರನ ಅಲಕ್ಷ್ಯದಿಂದಲೇ ಆಗಿರಬೇಕು, ಹಿಡಿಯುವ ಮುಂಚೆ ಅವನ ಮಾತು ಕೇಳಬೇಕು ಎಂದು 1936ರ ವೇತನ ಪಾವತಿ ಕಾಯಿದೆಯಲ್ಲೇ ಇತ್ತು. 2019ರ ವೇತನ ಸಂಹಿತೆಯಲ್ಲೂ ಇದೆ. ಲಾಹೋರಿನಲ್ಲಿ ಮಾಡಬೇಕಿದ್ದ ಭಾಷಣ ರದ್ದಾದಾಗ ಬಾಬಾಸಾಹೇಬರು ‘ಜಾತಿವಿನಾಶ’ವನ್ನು ತಾವೇ ಅಚ್ಚು ಹಾಕಿಸಿದ್ದೂ ಅದೇ 1936ರಲ್ಲಿ. ಜಾತಿ ದುಡಿಯುವವರನ್ನೇ ಒಬ್ಬರ ಮೇಲೊಬ್ಬರಂತೆ ಒಡೆದಿಟ್ಟಿದೆ ಎಂದು ಅವರು ವಾದಿಸಿದರು. ಕಾಯಿದೆಯ ‘ಅವನ ಮಾತು ಕೇಳಬೇಕು’ ಎಂಬ ಸಾಲು ಗೊಳಸಂಗಿಗೆ ಬರುವ ಹಾದಿಯಲ್ಲಿ ಎಲ್ಲಿ ನಿಲ್ಲುತ್ತದೆ ಅನ್ನೋದು ಅವರನ್ನು ಓದಿದವರಿಗೆ ಗೊತ್ತು.

ಹೊಸ ಪಿಸ್ಟನ್ನು, ಹೊಸ ರಿಂಗು, ಹೊಸ ಸೀಲು ಕೂಡಿ ಮಷೀನು ಈಗ ಓಡುತ್ತಿದೆ. ಕ್ಯಾನಿನ ಮೇಲೆ ‘1 ಲೀಟರಿಗೆ 40 ಎಂ.ಎಲ್.’ ಎಂದು ಕನ್ನಡದಲ್ಲಿ ಬಣ್ಣದಿಂದ ಬರೆದುಕೊಟ್ಟಿದ್ದೇನೆ. ಅಳತೆಗೆ ಔಷಧಿ ಅಂಗಡಿಯ ಪ್ಲಾಸ್ಟಿಕ್ ಕಪ್ಪು. ಹಿಡಿದ 11 ಹಾಜರಿಯಲ್ಲಿ 6 ಬಂದಿವೆ. ಉಳಿದ 5 ಕೇಳಲು ಹೋಗುವಾಗ ಹುಡುಗ ಆ ಸುಟ್ಟ ಪಿಸ್ಟನ್ನನ್ನು ಕಿಸೆಯಲ್ಲಿ ಇಟ್ಟುಕೊಂಡೇ ಹೋಗುತ್ತಾನೆ.