ಹೊಸಿಲ ಮೇಲಿನ ಬೆಳಕು

ಐವತ್ತಾರನೆಯ ವಯಸ್ಸಿನಲ್ಲಿ ನಾನು ಮತ್ತೆ ವಿದ್ಯಾರ್ಥಿನಿಯಾದೆ. ಗುರು ನನ್ನ ಮಗಳೇ. ಬೆಂಗಳೂರಿನಲ್ಲಿ ಅವಳದು ಇನ್ನೂ ಕಟ್ಟದ ಮನೆಗಳ ಚಿತ್ರ ತಯಾರಿಸುವ ಕೆಲಸ. ಪಾಯ ತೋಡುವ ಮೊದಲೇ ಆ ಮನೆಯ ಹಜಾರ ಹೇಗಿರುತ್ತದೆ, ಬೆಳಗಿನ ಬಿಸಿಲು ಕಿಟಕಿಯಿಂದ ಬಂದು ಎಲ್ಲಿ ಬೀಳುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಫೋಟೋ ತೆಗೆದಂತೆ ತೋರಿಸುತ್ತಾಳೆ. ಹೋದ ಬೇಸಿಗೆ ರಜಕ್ಕೆ ಅವಳು ಗೊರೂರಿಗೆ ಬಂದಾಗ, "ನನಗೂ ಇದನ್ನ ಕಲಿಸೇ" ಎಂದೆ. ಅವಳಿಗೆ ನಗು. "ಯಾವ ಮನೆ ಕಟ್ಟಿಸ್ತೀಯಮ್ಮಾ?" ಎಂದಳು. "ಕಟ್ಟಿಸೋ ಮನೆ ಅಲ್ಲ ಕಣೇ, ಮುಳುಗಿಹೋದ ಮನೆ" ಎಂದೆ.

ನನ್ನ ಅಮ್ಮನ ತವರು ಹೇಮಾವತಿಯ ಹಿನ್ನೀರಿನಲ್ಲಿದೆ. ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. ನಾನಾಗ ಒಂಬತ್ತು ಹತ್ತು ವರ್ಷದ ಹುಡುಗಿ. ಆ ನೀರು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಗದ್ದೆಗಳಿಗೆ ಹರಿದಿದೆ, ಎಷ್ಟೋ ಮನೆಗಳ ಅನ್ನವಾಗಿದೆ. ಅದರ ಮೇಲೆ ನನ್ನ ದೂರೇನಿಲ್ಲ. ಆದರೆ ಮುಳುಗಿದ್ದರಲ್ಲಿ ಉಳಿದದ್ದೇನು ಎಂದು ನೋಡಿದರೆ, ಶೆಟ್ಟಿಹಳ್ಳಿಯ ಇಗರ್ಜಿಯೊಂದು ಎಲ್ಲರಿಗೂ ಗೊತ್ತು. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು. ಮಳೆಗಾಲದಲ್ಲಿ ನೀರೊಳಗೆ ನಿಲ್ಲುತ್ತದೆ, ಬೇಸಿಗೆಯಲ್ಲಿ ಹೊರಗೆ ಬರುತ್ತದೆ. ಮಾಡಿಲ್ಲದ ಆ ಗೋಡೆಗಳ ನಡುವೆ ಬಿಸಿಲು ಆಡುವುದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಮಣ್ಣಿನ ಗೋಡೆಯ ಮನೆಗಳಿಗೆ ಆ ಭಾಗ್ಯವಿಲ್ಲ. ಅವು ಕರಗಿಹೋಗುತ್ತವೆ. ಅಜ್ಜಿಯ ತೊಟ್ಟಿಮನೆಯದು ಒಂದು ಫೋಟೋ ಕೂಡ ನಮ್ಮಲ್ಲಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ, ಆ ಮನೆಯನ್ನು ಬಲ್ಲವರೆಂದು ಉಳಿದವರು ಚಿಕ್ಕಮ್ಮ ಮತ್ತು ಅಷ್ಟಿಷ್ಟು ನೆನಪಿರುವ ನಾನು.

ಅಳತೆಗಳನ್ನು ಚಿಕ್ಕಮ್ಮನೇ ಫೋನಿನಲ್ಲಿ ಹೇಳಿದರು. ಪಡಸಾಲೆ ನಾಲ್ಕು ಮಾರು, ಅಡಿಗೆಮನೆ ಎರಡು ಮಾರು, ಬಾಗಿಲು ಇಷ್ಟು ಮೊಳ. ಮಗಳು ಅವನ್ನೆಲ್ಲ ಅಡಿಗೆ ತಿರುಗಿಸಿಕೊಂಡಳು. ಬ್ಲೆಂಡರ್ ಎಂಬ ತಂತ್ರಾಂಶ ದುಡ್ಡಿಲ್ಲದೆ ಸಿಗುತ್ತದೆ. 2002ರಿಂದ ಅದರ ಒಳಗುಟ್ಟನ್ನೂ ಎಲ್ಲರಿಗೂ ತೆರೆದಿಟ್ಟಿದ್ದಾರಂತೆ. ಅದರಲ್ಲಿ ಗೋಡೆ ಎಬ್ಬಿಸುವುದು, ಕಂಬ ನಿಲ್ಲಿಸುವುದು, ಗೋಡೆ ಕೊರೆದು ಕಿಟಕಿ ಇಡುವುದು ಒಂದು ವಾರದಲ್ಲಿ ಬಂತು. ಮೂವತ್ತು ವರ್ಷ ಕರಿಹಲಗೆಯ ಮೇಲೆ ರೇಖಾಗಣಿತ ಬಿಡಿಸಿದ ಕೈ, ಅಷ್ಟಕ್ಕೆ ಹೆದರಲಿಲ್ಲ. ಕಷ್ಟವಾದದ್ದು ಬೆಳಕು.

ಸೂರ್ಯನನ್ನು ಒಂದು ಕಡೆ ಇಟ್ಟೆ. ಕಿಟಕಿಯಿಂದ ಬಿಸಿಲು ಬಂದು ನೆಲದ ಮೇಲೆ ಚಚ್ಚೌಕವಾಗಿ ಬಿತ್ತು. ಉಳಿದ ಕೋಣೆಯೆಲ್ಲ ಅಮಾವಾಸ್ಯೆ. "ಹೀಗೆಲ್ಲಿರುತ್ತೆ?" ಎಂದೆ. ಮಗಳು ವಿವರಿಸಿದಳು: ಬಿಸಿಲು ನೆಲಕ್ಕೆ ಬಿದ್ದರೆ ಅಲ್ಲಿಗೇ ಮುಗಿಯುವುದಿಲ್ಲ, ನೆಲದಿಂದ ಗೋಡೆಗೆ, ಗೋಡೆಯಿಂದ ಮಾಡಿಗೆ, ಮಾಡಿನಿಂದ ಮೂಲೆಗೆ ನೆಗೆಯುತ್ತ ಹೋಗುತ್ತದೆ. ನಾವು ಹಗಲಿನಲ್ಲಿ ಕೋಣೆಯ ಮೂಲೆಯನ್ನು ಕಾಣುವುದು ಈ ಕೈಬದಲಾದ ಬೆಳಕಿನಿಂದಲೇ. ಇದನ್ನು ಲೆಕ್ಕಕ್ಕೆ ತರಲು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 1984ರಲ್ಲಿ ಬಣ್ಣದ ಗೋಡೆಗಳ ಒಂದು ಪುಟ್ಟ ಪೆಟ್ಟಿಗೆಯನ್ನೇ ಕೋಣೆಯೆಂದು ಭಾವಿಸಿ ಪರೀಕ್ಷೆ ನಡೆಸಿದ್ದರಂತೆ. ಬಣ್ಣದ ಗೋಡೆಯ ಪಕ್ಕದಲ್ಲಿರುವ ಬಿಳಿ ವಸ್ತುವಿಗೆ ಆ ಬಣ್ಣ ತಗಲುತ್ತದೆ. ಅರಿಶಿನದ ಕೈ ಸೆರಗಿಗೆ ತಗಲಿದ ಹಾಗೆ!

ಗಣಿತದ ಮೇಷ್ಟ್ರಮ್ಮನಿಗೆ ಈ ಲೆಕ್ಕ ಹಿಡಿಸಿತು. ಸುಣ್ಣ ಬಳಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ 80 ಭಾಗ ಹಿಂದಕ್ಕೆ ಕೊಡುತ್ತದೆ. ಎರಡನೆಯ ಗೋಡೆ ಮುಟ್ಟಿ ಹೊರಟಾಗ 64, ಮೂರನೆಯದರಿಂದ 51. ಮಸಿ ಹಿಡಿದ ಗೋಡೆಯಾದರೋ ನೂರಕ್ಕೆ ನಾಲ್ಕೋ ಐದೋ ಭಾಗ ಮಾತ್ರ ಬಿಟ್ಟುಕೊಡುತ್ತದೆ. ಇನ್ನೊಂದು ಮಸಿಗೋಡೆ ಮುಟ್ಟುವಷ್ಟರಲ್ಲಿ ಕಾಲು ಭಾಗವೂ ಉಳಿಯುವುದು ಕಷ್ಟ.

ಪಡಸಾಲೆ ಚೆನ್ನಾಗಿ ಬಂತು. ನಮ್ಮ ಕಡೆ ಏಪ್ರಿಲ್ ಕೊನೆಯ ವಾರ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ, ತೊಟ್ಟಿಯೊಳಗೆ ಬಿಸಿಲು ಬಾವಿಗೆ ಬಿಟ್ಟ ಹಗ್ಗದಂತೆ ನೇರ ಇಳಿಯುತ್ತದೆ. ಡಿಸೆಂಬರಿನಲ್ಲಿ ಅವನು ದಕ್ಷಿಣಕ್ಕೆ ವಾಲಿ ಸುಮಾರು 54 ಡಿಗ್ರಿ ಎತ್ತರಕ್ಕಷ್ಟೇ ಏರುವುದರಿಂದ ಉತ್ತರದ ಜಗುಲಿಗೆ ಬಿಸಿಲು ಹತ್ತುತ್ತದೆ. ಅಜ್ಜ ಚಳಿಗಾಲದಲ್ಲಿ ಆ ಜಗುಲಿಯ ಮೇಲೆಯೇ ಏಕೆ ಕೂರುತ್ತಿದ್ದರೆಂದು ನನಗೆ ಐವತ್ತು ವರ್ಷದ ಮೇಲೆ ಅರ್ಥವಾಯಿತು.

ಆಮೇಲೆ ಅಡಿಗೆಮನೆ. ಅದಕ್ಕೆ ಕಿಟಕಿ ಇರಲಿಲ್ಲ. ಗೋಡೆಯ ಮೇಲ್ಗಡೆ ಹೊಗೆ ಹೋಗಲು ಗೇಣಗಲದ ಒಂದು ಗವಾಕ್ಷಿ, ನಡುಮನೆಯ ಕಡೆಗೆ ಒಂದು ಬಾಗಿಲು. ಗೋಡೆ, ಜಂತೆ, ಹೆಂಚಿನ ಒಳಮೈ ಎಲ್ಲ ಮಸಿ. ಹಾಗೆಯೇ ಬಿಡಿಸಿದೆ. ಕಂಪ್ಯೂಟರು ಬಹಳ ಹೊತ್ತು ಲೆಕ್ಕ ಹಾಕಿ ಒಂದು ಕಪ್ಪು ಹಾಳೆಯನ್ನು ತೋರಿಸಿತು. ನಡುವೆ ಒಲೆಯ ಕೆಂಪು, ಮೇಲೊಂದು ಬಿಳಿ ಚುಕ್ಕೆ.

"ಅಮ್ಮಾ, ಇದು ಚಿತ್ರ ಅನ್ನಿಸಲ್ಲ. ಪೂರ್ವಕ್ಕೊಂದು ಕಿಟಕಿ ಇಡೋಣ, ಸ್ವಲ್ಪ ಗೋಡೆ ತಿಳಿ ಮಾಡೋಣ" ಎಂದಳು ಮಗಳು. ಇಟ್ಟೂ ತೋರಿಸಿದಳು. ಎಂಥ ಚೆಂದ! ಬಿಸಿಲಿನ ಕೋಲು ಒಲೆಯ ಹೊಗೆಯನ್ನು ಸೀಳಿ ಹಿತ್ತಾಳೆ ಕೊಡದ ಮೇಲೆ ಬಿದ್ದಿತ್ತು. ಡಚ್ ಕಲಾವಿದ ವರ್ಮೀರ್ ಹದಿನೇಳನೆಯ ಶತಮಾನದಲ್ಲಿ ಬರೆದ, ಹಾಲು ಸುರಿಯುವ ಕೆಲಸದವಳ ಚಿತ್ರವನ್ನು ನೀವೂ ಎಲ್ಲಾದರೂ ಕ್ಯಾಲೆಂಡರಿನಲ್ಲಿ ನೋಡಿರಬಹುದು. ಎಡಗಡೆಯ ಕಿಟಕಿಯ ಬೆಳಕು ಅವಳ ಹಣೆ, ತೋಳು, ಹಾಲಿನ ಧಾರೆಯ ಮೇಲೆ. ಹಾಗೆಯೇ ಕಂಡಿತು ನಮ್ಮ ಅಜ್ಜಿಯ ಅಡಿಗೆಮನೆ. ಆದರೆ ವರ್ಮೀರ್ ಆ ಕಿಟಕಿಯ ಒಂದು ಒಡೆದ ಗಾಜನ್ನೂ, ಗೋಡೆಯಲ್ಲಿ ಮೊಳೆ ಕಿತ್ತ ತೂತನ್ನೂ ಬಿಡದೆ ಬರೆದಿದ್ದಾನೆ. ನಾವೋ ಇಲ್ಲದ ಕಿಟಕಿಯನ್ನೇ ಇಟ್ಟಿದ್ದೆವು.

"ತೆಗೆದುಬಿಡು" ಎಂದೆ. ಅವಳಿಗೆ ಬೇಸರವಾಯಿತು. "ಅಜ್ಜಿ ಇದ್ದಿದ್ರೆ ಬೆಳಕು ಬೇಡ ಅಂತಿದ್ರಾ? ಆಗ ಕೊಡೋಕಾಗಲಿಲ್ಲ, ಚಿತ್ರದಲ್ಲಾದರೂ ಕೊಡೋದು ತಪ್ಪಾ?" ಎಂದಳು. ಮಾತು ಸುಳ್ಳಲ್ಲ. ಸತ್ತವರ ವಿಷಯದಲ್ಲಿ ನಾವೆಲ್ಲ ಮಾಡುವುದು ಅದೇ ಅಲ್ಲವೇ? ಇದ್ದಾಗ ಕೊಡದ ಕೋಡುಬಳೆಯನ್ನು ತಿಥಿಯ ದಿನ ಎಲೆಗೆ ಬಡಿಸುತ್ತೇವೆ. ಅದರಲ್ಲಿ ಪ್ರೀತಿ ಇಲ್ಲವೆನ್ನಲಾರೆ. ಹಾಗಾದರೆ ಪ್ರೀತಿಯಿಂದ ಹೇಳುವ ಸುಳ್ಳು ಸುಳ್ಳೇ? ಅದರಿಂದ ಯಾರಿಗೆ ನಷ್ಟ? ರಾತ್ರಿಯೆಲ್ಲ ಇದೇ ಪ್ರಶ್ನೆ.

ಬೆಳಿಗ್ಗೆ ಎದ್ದು ಮನೆಯ ಚಿತ್ರವನ್ನು ಮೇಲಿನಿಂದ ನೋಡುವಂತೆ ತಿರುಗಿಸಿದಾಗ ಒಂದು ಸಂಗತಿ ಕಣ್ಣಿಗೆ ಹೊಡೆಯಿತು. ಗಂಡಸರು ಕೂರುವ ಕಡೆಗೆಲ್ಲ ಬೆಳಕಿತ್ತು. ಹೆಂಗಸರು ದುಡಿಯುವ ಕಡೆ ಕತ್ತಲೆ. ಯಾರೂ ದ್ವೇಷದಿಂದ ಹಾಗೆ ಕಟ್ಟಿರಲಿಲ್ಲ. ಮಡಿ, ಕಳ್ಳರ ಭಯ, ಗಾಳಿಗೆ ಒಲೆಯ ಉರಿ ಹಾರೀತೆಂಬ ಅಂಜಿಕೆ, ಎಲ್ಲಕ್ಕೂ ಕಾರಣಗಳಿದ್ದವು. ಆದರೆ ಕಾರಣಗಳೆಲ್ಲ ಕೂಡಿ ಕತ್ತಲೆಯನ್ನು ತಂದು ಹಾಕಿದ್ದು ಒಂದೇ ಜಾಗಕ್ಕೆ.

ಅಜ್ಜನ ಕಾಲವನ್ನು ದೂರಿ ಸುಮ್ಮನಾಗಬಹುದಿತ್ತು. ಅಷ್ಟರಲ್ಲಿ ನಾನೇ ಕೂತಿದ್ದ ಮನೆ ನೆನಪಾಯಿತು. ದೀಪದ ಕೆಳಗೇ ಕತ್ತಲೆ ಎನ್ನುತ್ತಾರಲ್ಲ, ಹಾಗೆ. ಈ ಮನೆ ನಾನು ಸಂಬಳದ ಮೇಲೆ ಸಾಲ ತೆಗೆದು, ನಾನೇ ನಿಂತು 2003ರಲ್ಲಿ ಕಟ್ಟಿಸಿದ್ದು. ಹಜಾರಕ್ಕೆ ಮೂರು ದೊಡ್ಡ ಕಿಟಕಿ. ಅಡಿಗೆಮನೆಗೂ ಒಂದು ಕಿಟಕಿ ಇತ್ತು. ಎರಡು ವರ್ಷದ ಮೇಲೆ ಅದರ ಹೊರಗೆ ಸ್ಕೂಟರಿಗೆಂದು, ಸಾಮಾನಿಗೆಂದು ಶೀಟು ಹೊದಿಸಿ ಮುಚ್ಚಿಸಿದೆವು. ಟ್ಯೂಬ್‌ಲೈಟಿದೆಯಲ್ಲ, ಏನು ಮಹಾ ಎಂದುಕೊಂಡೆ. ನಾನು ಹತ್ತಕ್ಕೆ ಶಾಲೆಗೆ ಹೋಗುವವಳು. ಹಗಲೆಲ್ಲ ಆ ಅಡಿಗೆಮನೆಯಲ್ಲಿ ಇದ್ದವರು ಅಮ್ಮ.

ಅಮ್ಮನಿಗೆ ಕಣ್ಣಿನ ಪೊರೆ ಬಂದಿತ್ತು. ಕರೆಂಟು ಹೋದರೆ, ಹೋಗದಿದ್ದರೂ, ಅಕ್ಕಿ ಮೊರ ಹಿಡಿದು ನಡುಬಾಗಿಲ ಹೊಸಿಲ ಬಳಿ ಬಂದು ಕೂರುತ್ತಿದ್ದರು. ನಾನು ಎಷ್ಟು ಸಲ ಗದರಿದ್ದೇನೆ! "ಹೊಸಿಲ ಮೇಲೆ ಕೂರಬಾರದು ಅಂತ ನೀನೇ ನಮಗೆ ಹೇಳಿಕೊಟ್ಟು, ಈಗ ನೀನೇ ಓಡಾಡೋ ದಾರೀಲಿ ಕೂರ್ತೀಯಲ್ಲಮ್ಮಾ." ಅಮ್ಮ ಮಾತಾಡದೆ ಒಂದಿಷ್ಟು ಸರಿದು ಕೂರುತ್ತಿದ್ದರು. ಅರ್ಧ ಗಂಟೆಗೆ ಮತ್ತೆ ಅಲ್ಲಿಗೇ. ವಯಸ್ಸಾದವರ ಹಟ ಎಂದುಕೊಂಡೆ.

ಆ ದಿನ ಮಗಳಿಗೆ ಹೇಳಿ ಈ ಮನೆಯನ್ನೂ ಬಿಡಿಸಿದೆವು. ಬೆಳಿಗ್ಗೆ ಹನ್ನೊಂದರ ಸೂರ್ಯನನ್ನು ಇಟ್ಟೆವು. ಹಜಾರದ ಕಿಟಕಿಯ ಬೆಳಕು ಗೋಡೆಯಿಂದ ಗೋಡೆಗೆ ನೆಗೆದು ಬಂದು, ನಡುಬಾಗಿಲ ಹೊಸಿಲ ತನಕ ತಲುಪಿ ನಿಂತಿತು. ಆ ಭಾಗದಲ್ಲಿ ಅಕ್ಕಿಯಲ್ಲಿನ ಕಲ್ಲು ಕಾಣುವಷ್ಟು ಬೆಳಕಿದ್ದ ಜಾಗ ಅದೊಂದೇ. ಅಮ್ಮ ಹಟ ಮಾಡಿರಲಿಲ್ಲ. ಬೆಳಕನ್ನು ಹುಡುಕಿಕೊಂಡು ಬಂದಿದ್ದರು, ನಾನು ಎಬ್ಬಿಸುತ್ತಿದ್ದೆ.

ಮಗಳ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಹೀಗೆ. ಅಜ್ಜಿಯ ಅಡಿಗೆಮನೆಗೆ ಚಿತ್ರದಲ್ಲಿ ಕಿಟಕಿ ಇಟ್ಟಿದ್ದರೆ ಅದರ ಚೆಲುವನ್ನು ನೋಡಿ ನಾನು ತೃಪ್ತಳಾಗುತ್ತಿದ್ದೆ. ನನ್ನ ಮನೆಯ ಕತ್ತಲೆಯ ಕಡೆ ತಿರುಗುತ್ತಲೇ ಇರಲಿಲ್ಲ. ಪ್ರೀತಿಯ ಸುಳ್ಳಿನಿಂದ ಸತ್ತವರಿಗೆ ನಷ್ಟವಿಲ್ಲ, ನಿಜ. ನಷ್ಟ ಬದುಕಿರುವವರಿಗೆ. ಬಾಕಿ ತೀರಿತೆಂದು ನಾವು ಲೆಕ್ಕದ ಪುಸ್ತಕ ಮುಚ್ಚಿಬಿಡುತ್ತೇವೆ.

ಹಾಗಾಗಿ ಅಡಿಗೆಮನೆಯನ್ನು ಕತ್ತಲೆಯಾಗಿಯೇ ಉಳಿಸಿದೆ. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಎಷ್ಟು ಕಾಣುತ್ತದೋ ಅಷ್ಟು ಕಾಣಲೆಂದು ಮಗಳು ತುಸು ಸರಿಪಡಿಸಿಕೊಟ್ಟಳು, ಅದಕ್ಕೆ ಒಪ್ಪಿದೆ. ಬಾಗಿಲ ಬಳಿ ಒಂದು ಮೊರ ಇಟ್ಟೆ. ಮಳೆಗಾಲಕ್ಕೆ ಮುಂಚೆ ಗಾರೆಯವರನ್ನು ಕರೆಸಿ ನಮ್ಮ ಅಡಿಗೆಮನೆಯ ಹೊರಗಿನ ಶೀಟನ್ನು ಕೀಳಿಸಿದೆ. ಸ್ಕೂಟರು ಈಗ ಬೇವಿನ ಮರದ ಕೆಳಗಿದೆ. ಈಗ ಅಲ್ಲಿ ಅಡಿಗೆ ಮಾಡುವವಳು ಸೊಸೆ. ಅವಳೇನೂ ಕೇಳಿರಲಿಲ್ಲ, ಅಮ್ಮನೂ ಕೇಳಿರಲಿಲ್ಲವಲ್ಲ.

ಚಿತ್ರವನ್ನು ಹಾಸನದಲ್ಲಿ ಪ್ರಿಂಟು ಹಾಕಿಸಿ ಚಿಕ್ಕಮ್ಮನಿಗೆ ಕೊಟ್ಟು ಬಂದೆ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ಒಲೆ ಇನ್ನೊಂದು ಚೂರು ಎಡಕ್ಕಿತ್ತು ಕಣೇ" ಎಂದರು. ಮತ್ತೆ ನೋಡಿದರು. "ಹೂಂ, ಇಷ್ಟೇ ಕತ್ತಲೆ ಇತ್ತು. ನಾವು ಅದನ್ನ ಕತ್ತಲೆ ಅಂದ್ಕೊಂಡೇ ಇರಲಿಲ್ಲ, ನೋಡು" ಎಂದರು.

ಕೇಳದವರಿಗೆ ಕೊಡಬೇಕಿಲ್ಲ ಎಂದು ಆ ಮಾತಿನ ಅರ್ಥವಲ್ಲ ಎಂದುಕೊಂಡು ಬಸ್ಸು ಹತ್ತಿದೆ. ಮನೆಗೆ ಬಂದು ಒಲೆಯನ್ನು ಎಡಕ್ಕೆ ಸರಿಸಿದೆ.