ಕಾಗದದ ಗಿಟಾರ್ ಕೇಳುವ ಪ್ರಶ್ನೆ

ಸ್ಪೇನ್‌ನ ಆಂಟೋನಿಯೊ ಡಿ ಟೊರೆಸ್ 1862ರಲ್ಲಿ ಒಂದು ವಿಚಿತ್ರ ಗಿಟಾರ್ ಮಾಡಿದ. ಅದರ ಮೇಲ್ಹಲಗೆ ಎಂದಿನಂತೆ ಸ್ಪ್ರೂಸ್ ಮರದ್ದು. ಬೆನ್ನು ಮತ್ತು ಪಕ್ಕೆಗಳು ಮಾತ್ರ ಕಾಗದದ ರಟ್ಟಿನವು. ತಂತಿಯ ಕಂಪನವನ್ನು ನಾದವಾಗಿಸುವುದು ಮುಖ್ಯವಾಗಿ ಮೇಲ್ಹಲಗೆ, ಉಳಿದದ್ದರ ಪಾತ್ರ ಚಿಕ್ಕದು ಎಂಬುದು ಅವನ ನಂಬಿಕೆ. ಅದನ್ನು ಅವನು ವಾದದಿಂದಲ್ಲ, ವಾದ್ಯದಿಂದಲೇ ತೋರಿಸಲು ಹೊರಟ. ಇಂದಿನ ಶಾಸ್ತ್ರೀಯ ಗಿಟಾರಿನ ಅಳತೆ, ಆಕಾರಗಳು ಬಹುಮಟ್ಟಿಗೆ ಅವನಿಂದಲೇ ಬಂದವು. ಆ ಕಾಗದದ ಗಿಟಾರ್ ಈಗ ಬಾರ್ಸೆಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಅದು ಕೇಳುವ ಪ್ರಶ್ನೆ ಮಾತ್ರ ಹೊರಗಡೆಯೇ ಉಳಿದಿದೆ: ನಾದ ಮೇಲ್ಹಲಗೆಯದ್ದಾದರೆ, ಬೆನ್ನಿಗೆ ಅಪರೂಪದ ಮರವೇ ಏಕೆ ಬೇಕು?

ಇದು ಬರೀ ಬಡಗಿಯ ಪ್ರಶ್ನೆಯಲ್ಲ. ಬ್ರೆಜಿಲ್‌ನ ಅಟ್ಲಾಂಟಿಕ್ ಕರಾವಳಿಯ ಕಾಡಿನ ಬೀಟೆಯನ್ನು ಗಿಟಾರ್ ಲೋಕ ಬಹುಕಾಲ ಸರ್ವಶ್ರೇಷ್ಠವೆಂದು ಭಾವಿಸಿತ್ತು. ಆ ಕಾಡು ಕರಗುತ್ತ ಬಂತು. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ 1992ರಲ್ಲಿ ಅದನ್ನು ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿತು. ಅಷ್ಟರಲ್ಲಾಗಲೇ ಗಿಟಾರ್ ತಯಾರಕರು ಭಾರತದ ಬೀಟೆಯತ್ತ ಹೊರಳಿದ್ದರು. ಮೈಸೂರಿನ ಕುಸುರಿ ಕೆಲಸಕ್ಕೆ ಹಿನ್ನೆಲೆಯಾಗುವ, ನಮ್ಮ ಪಶ್ಚಿಮಘಟ್ಟದ ಅದೇ ಕಪ್ಪು ಮರ. ಇವತ್ತು ಜಗತ್ತಿನ ಎಷ್ಟೋ ಶಾಸ್ತ್ರೀಯ ಗಿಟಾರುಗಳ ಬೆನ್ನು ಅದರದ್ದೇ. 2017ರಿಂದ ಅದೂ ಸೈಟಿಸ್‌ನ ಎರಡನೆಯ ಪಟ್ಟಿಯಲ್ಲಿದೆ. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಕಾನೂನು ಹೀಗೆ ಸಡಿಲವಾದಾಗ ಪ್ರಶ್ನೆ ನಮ್ಮ ವಿವೇಕದ ಪಾಲಿಗೆ ಬರುತ್ತದೆ.

ವಾದ್ಯ ಮಾಡುವವರ ಪರವಾದ ಮಾತು ಹಗುರವಾದದ್ದಲ್ಲ. ಒಂದು ಗಿಟಾರಿಗೆ ಬೇಕಾದದ್ದು ಎರಡು ಮೂರು ಮಿಲಿಮೀಟರ್ ದಪ್ಪದ ಕೆಲವು ಹಲಗೆಗಳು. ಮಂಚ, ಬೀರುಗಳಿಗೆ ಹೋಗುವ ಮರದ ಮುಂದೆ ಇದು ಏನೂ ಅಲ್ಲ. ಅಲ್ಲದೆ ಚೆನ್ನಾಗಿ ಮಾಡಿದ ಗಿಟಾರ್ ತಲೆಮಾರುಗಳ ಕಾಲ ನುಡಿಯುತ್ತದೆ. ಮರಕ್ಕೆ ಇದಕ್ಕಿಂತ ಒಳ್ಳೆಯ ಮರುಜನ್ಮ ಇದೆಯೇ?

ಈ ಮಾತು ನಿಲ್ಲಬೇಕಾದರೆ ಆ ನಾದಕ್ಕೆ ಆ ಮರವೇ ಅನಿವಾರ್ಯ ಎಂದಾಗಬೇಕು. ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒಂದೇ ವಿನ್ಯಾಸದ, ಬೆನ್ನು-ಪಕ್ಕೆಗಳ ಮರ ಮಾತ್ರ ಬೇರೆಬೇರೆಯಾದ ಆರು ಗಿಟಾರುಗಳನ್ನು 52 ವಾದಕರ ಕೈಗೆ, ಯಾವುದು ಯಾವ ಮರದ್ದೆಂದು ಕಾಣದಂತೆ ಮಾಡಿ ಕೊಟ್ಟರು. ದುಬಾರಿ ಬೀಟೆಗೂ ಅಗ್ಗದ ಮರಕ್ಕೂ ಸಿಕ್ಕ ಅಂಕ ಹೆಚ್ಚುಕಡಿಮೆ ಒಂದೇ. ಅವು ಉಕ್ಕಿನ ತಂತಿಯ ಗಿಟಾರುಗಳು, ಶಾಸ್ತ್ರೀಯ ಗಿಟಾರುಗಳಲ್ಲ, ನಿಜ. ಮರದ ತೂಕ, ಬಿಗಿತಗಳಿಂದ ಏನೂ ಆಗುವುದಿಲ್ಲ ಎಂದೂ ಇದರರ್ಥವಲ್ಲ. ಆದರೆ 'ಅನಿವಾರ್ಯ' ಎಂಬ ಪದ ಇಲ್ಲಿ ಅಲುಗಾಡುತ್ತದೆ.

ಪರಂಪರೆಯ ಹೆಸರು ಹೇಳಿದರೂ ಕಷ್ಟವೇ. ಫ್ಲಮೆಂಕೊ ಗಿಟಾರನ್ನೇ ನೋಡಿ. ಅದರ ಬೆನ್ನು ಸಾಂಪ್ರದಾಯಿಕವಾಗಿ ಸ್ಪೇನ್‌ನಲ್ಲೇ ಬೆಳೆಯುವ ಸೈಪ್ರೆಸ್ಸಿನದು. ಆಮದಾಗುವ ಬೀಟೆಗಿಂತ ಅದು ಅಗ್ಗ, ಹಗುರ. ಅದರ ದನಿ ಥಟ್ಟನೆ ಚಿಮ್ಮಿ ಬೇಗ ಅಡಗುತ್ತದೆ. ನರ್ತಕರ ಹೆಜ್ಜೆಸದ್ದು, ಚಪ್ಪಾಳೆಗಳ ನಡುವೆ ಬೇಕಿದ್ದದ್ದೂ ಅಂಥ ದನಿಯೇ. ಕೈಗೆಟುಕಿದ ಮರವನ್ನು ಕಿವಿಗೊಟ್ಟು ಕೇಳಿ ಒಂದು ಶೈಲಿಯೇ ಬೆಳೆಯಿತು. ಹಾಗಾದರೆ ಪರಂಪರೆ ಎಂದರೆ ಒಂದು ಜಾತಿಯ ಮರವೋ, ಆ ಕೇಳುವಿಕೆಯೋ?

ಬೀಟೆಯ ಗೆರೆಗಳು ಸುಂದರ, ಅದನ್ನು ಬಯಸುವುದು ಪಾಪವಲ್ಲ. ಆದರೆ ಕಣ್ಣಿನ ಬಯಕೆಗೆ ಕಿವಿಯ ಹೆಸರಿಟ್ಟಾಗ ಒಂದು ಸುಳ್ಳು ನುಸುಳುತ್ತದೆ. ಅಗತ್ಯದ ಮುಂದೆ ಚರ್ಚೆ ನಿಂತುಹೋಗುತ್ತದೆ. ಅಭಿರುಚಿಯನ್ನು ಚರ್ಚಿಸಬಹುದು, ಬದಲಿಸಲೂಬಹುದು. ನಿಧಾನವಾಗಿ ಬಲಿಯುವ ಒಂದು ಮರಕ್ಕೆ ಕೊಡಲಿ ಹಾಕುವ ಮುನ್ನ ಇವೆರಡರಲ್ಲಿ ಯಾವುದು ನಮ್ಮದೆಂದು ಹೇಳುವಷ್ಟು ಪ್ರಾಮಾಣಿಕತೆಯಾದರೂ ಬೇಕು. ಗಿಟಾರ್ ಕೊಳ್ಳಲು ಹೋದವರು ಮೊದಲು ಕಣ್ಣು ಮುಚ್ಚಿ ಕೇಳಲಿ. ಮರದ ಹೆಸರನ್ನು ಆಮೇಲೆ ವಿಚಾರಿಸಿದರಾಯಿತು.